ಕಳ್ಳಿಯ ಮೇಲಿನ ಕೆಂಪು: ವಹಾಕದಲ್ಲೊಂದು ಕ್ರಿಸ್ಮಸ್ ರಜೆ

ಡಿಸೆಂಬರಿನ ರಜೆ ಸಮೀಪಿಸಿತೆಂದರೆ ನಮ್ಮ ಬಳಗದ ಹಲವು ಕುಟುಂಬಗಳು ಮೆಕ್ಸಿಕೋದತ್ತ ಮುಖ ಮಾಡುವುದು ಈಚೆಗೆ ವಾಡಿಕೆಯಾಗಿದೆ. ಹೆಚ್ಚಿನವರು ಕಡಲತೀರಗಳಿಗೆ ಹೋಗುತ್ತಾರೆ. ಕಳೆದ ಸಲ ನಾವು ಆರು ಮಂದಿ, ಅಂದರೆ ನಾವಿಬ್ಬರು, ಮಕ್ಕಳಿಬ್ಬರು, ಊರಿನಿಂದ ಬಂದಿದ್ದ ನನ್ನ ತಂದೆತಾಯಿ, ದಕ್ಷಿಣ ಮೆಕ್ಸಿಕೋದ ಬೆಟ್ಟಗಳ ನಡುವಿನ ಒಂದು ಪಟ್ಟಣದಲ್ಲಿ ಹತ್ತು ದಿನ ಕಳೆದೆವು. ಅದರ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಕಂಡವರು ಉಚ್ಚರಿಸಲು ತಡವರಿಸುತ್ತಾರೆ. ಸ್ಥಳೀಯರ ಬಾಯಲ್ಲಿ ಅದು ‘ವಹಾಕ’. ಸ್ಪೇನಿನವರು ಇದನ್ನು ಆಂತೆಕೇರ ಎಂದು ಕರೆದು 1532ರಲ್ಲಿ ನಗರದ ಪದವಿ ನೀಡಿದರು. ಹಳೆಯ ನಗರಭಾಗವೂ, ಸಮೀಪದ ಗುಡ್ಡದ ಮೇಲಿರುವ ಮೊಂತೆ ಆಲ್ಬಾನ್ ಎಂಬ ಪ್ರಾಚೀನ ಸಪೊತೆಕ್ ನಗರದ ಅವಶೇಷಗಳೂ 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಪ್ರವಾಸದ ವಿವರಗಳನ್ನು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆ ಊರಿನ ಕ್ರಿಸ್ಮಸ್‌ನಲ್ಲಿ ಎಲ್ಲೆಲ್ಲೂ ಕಾಣುವ ಕೆಂಪು ಬಣ್ಣಕ್ಕೆ ಒಂದು ದೀರ್ಘ ಚರಿತ್ರೆಯಿದೆ. ಅದರ ಒಂದು ಕವಲು ನಮ್ಮ ಕರ್ನಾಟಕದ ಹೊಲಗಳ ಬೇಲಿಯವರೆಗೂ ಹರಿದು ಬಂದಿದೆ. ಆ ಕಥೆಯನ್ನು ಬಳಗದವರೊಡನೆ ಹಂಚಿಕೊಳ್ಳಬೇಕೆನಿಸಿತು.

ಮೂಲಂಗಿಯ ರಾತ್ರಿ

ಮೆಕ್ಸಿಕೋದಲ್ಲಿ ಕ್ರಿಸ್ಮಸ್ ಒಂದು ದಿನದ ಹಬ್ಬವಲ್ಲ. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ರಾತ್ರಿ ‘ಪೊಸಾದ’ ನಡೆಯುತ್ತದೆ. ಪೊಸಾದ ಎಂದರೆ ತಂಗುದಾಣ. ತುಂಬು ಗರ್ಭಿಣಿ ಮೇರಿ ಮತ್ತು ಜೋಸೆಫ್ ಬೆತ್ಲೆಹೇಮಿನಲ್ಲಿ ಆಶ್ರಯ ಬೇಡಿದ್ದನ್ನು ನೆನೆದು, ಜನ ಮೆರವಣಿಗೆಯಲ್ಲಿ ಒಂದು ಮನೆಯ ಬಾಗಿಲಿಗೆ ಬಂದು ಹಾಡಿನಲ್ಲಿ ಜಾಗ ಕೇಳುತ್ತಾರೆ. ಒಳಗಿನವರು ಹಾಡಿನಲ್ಲೇ ಮೊದಲು ನಿರಾಕರಿಸಿ, ಕೊನೆಗೆ ಬಾಗಿಲು ತೆರೆಯುತ್ತಾರೆ. 1587ರಲ್ಲಿ ಮೆಕ್ಸಿಕೋ ನಗರದ ಬಳಿಯ ಆಕೋಲ್ಮನ್ ಮಠದ ಅಗಸ್ಟೀನಿಯನ್ ಸಂನ್ಯಾಸಿ ದಿಯೆಗೊ ದೆ ಸೋರಿಯ ಎಂಬಾತ ಈ ಒಂಬತ್ತು ದಿನಗಳ ಪೂಜೆಗೆ ಪೋಪ್ ಐದನೆಯ ಸಿಕ್ಸ್‌ಟಸ್‌ನಿಂದ ಅನುಮತಿ ಪಡೆದನೆಂದು ಹೇಳಲಾಗುತ್ತದೆ. ಅಸ್ತೆಕ್ ಜನರು ತಮ್ಮ ದೇವತೆ ವಿತ್ಸಿಲೊಪೊಚ್ತ್ಲಿಗೆ ಹಬ್ಬ ಮಾಡುತ್ತಿದ್ದ ಋತುವೂ ಇದೇ. ಹಳೆಯ ಹಬ್ಬವನ್ನು ಅಳಿಸಲು ಅದರ ಜಾಗದಲ್ಲೇ ಹೊಸದನ್ನು ಕೂರಿಸುವುದು ಪಾದ್ರಿಗಳ ಉದ್ದೇಶವಾಗಿತ್ತು. ಆದರೆ ನಾಲ್ಕು ಶತಮಾನಗಳ ನಂತರ ಆ ಹಬ್ಬದ ಹಾಡು, ಅಡುಗೆ, ಪಟಾಕಿ, ಮೆರವಣಿಗೆಗಳನ್ನು ಕಂಡವರು ಅದನ್ನು ಸ್ಪೇನಿನ ಹಬ್ಬವೆಂದು ಕರೆಯಲಾರರು.

ವಹಾಕಕ್ಕೇ ವಿಶಿಷ್ಟವಾದುದು ಡಿಸೆಂಬರ್ 23ರ ‘ನೊಚೆ ದೆ ರಾಬನೊಸ್’, ಅಂದರೆ ಮೂಲಂಗಿಯ ರಾತ್ರಿ. ಮೂಲಂಗಿಯನ್ನು ಅಲ್ಲಿಗೆ ತಂದವರು ಸ್ಪೇನಿನವರು. ಕ್ರಿಸ್ಮಸ್ ಮುನ್ನಾದಿನದ ಸಂತೆಯಲ್ಲಿ ತರಕಾರಿ ಮಾರುವವರು ಗಿರಾಕಿಗಳ ಕಣ್ಸೆಳೆಯಲು ಮೂಲಂಗಿಯನ್ನು ಹೂವು, ಗೊಂಬೆಗಳಾಗಿ ಕೆತ್ತಿ ಇಡುತ್ತಿದ್ದರು. 1897ರಲ್ಲಿ ನಗರದ ಮೇಯರ್ ಫ್ರಾನ್ಸಿಸ್ಕೊ ವಾಸ್ಕೊನ್ಸೆಲೊಸ್ ಅದನ್ನು ಅಧಿಕೃತ ಸ್ಪರ್ಧೆಯಾಗಿಸಿದ. ಅಂದಿನಿಂದ ಊರಿನ ಮಧ್ಯದ ಚೌಕದಲ್ಲಿ ಅದು ನಡೆದುಬಂದಿದೆ. ಸ್ಪರ್ಧೆಗೆಂದೇ ಬೆಳೆಯುವ ಮೂಲಂಗಿಯನ್ನು ಕೀಳದೆ ನೆಲದಲ್ಲೇ ತಿಂಗಳುಗಟ್ಟಲೆ ಬಿಡುತ್ತಾರೆ. ಅದು ತೋಳಿನಷ್ಟು ದಪ್ಪವಾಗಿ, ಸೊಟ್ಟಪಟ್ಟವಾಗಿ ಬೆಳೆಯುತ್ತದೆ. ಕೆಂಪು ಸಿಪ್ಪೆ ಉಡುಪಾಗುತ್ತದೆ, ಬಿಳಿಯ ತಿರುಳು ಮುಖವಾಗುತ್ತದೆ. ಬಾಲಯೇಸುವಿನ ಗೋದಲಿ, ಮದುವೆಯ ದಿಬ್ಬಣ, ಸಂತೆಯ ದೃಶ್ಯ ಎಲ್ಲವೂ ಮೂಲಂಗಿಯಲ್ಲೇ ಮೂಡುತ್ತವೆ. ಕೆಲವೇ ತಾಸುಗಳಲ್ಲಿ ಅವು ಬಾಡತೊಡಗುವುದರಿಂದ ನೀರು ಚಿಮುಕಿಸುತ್ತಲೇ ಇರಬೇಕು.

ಹಾವೇರಿ ಜಿಲ್ಲೆಯಲ್ಲಿ ಜೀವಮಾನವಿಡೀ ಒಕ್ಕಲುತನ ಮಾಡಿದ ನನ್ನ ತಂದೆ ಸರತಿಯ ಸಾಲಿನಲ್ಲಿ ಎರಡು ತಾಸು ನಿಂತು ಇದನ್ನು ನೋಡಿದರು. ಗೊಂಬೆಗಳಿಗಿಂತ ಅವುಗಳ ಹಿಂದೆ ನಿಂತಿದ್ದ ರೈತರ ಉಗುರುಗಳಲ್ಲಿದ್ದ ಮಣ್ಣು ಅವರ ಕಣ್ಣಿಗೆ ಬಿತ್ತು. “ಮಂದಿ ತಾವು ಬೆಳದದ್ದನ್ನ ತಾವೇ ಮೆರಸಾಕತ್ತಾರ ನೋಡವಾ” ಎಂದು ಮೊಮ್ಮಗಳಿಗೆ ತೋರಿಸಿದರು. ನಂತರ ಚೌಕದ ಅಂಚಿನ ಅಂಗಡಿಯಲ್ಲಿ ಬೆಲ್ಲದ ಪಾಕ ಸುರಿದ ‘ಬುನ್ಯುವೇಲೊ’ ಎಂಬ ಕರಿದ ತಿಂಡಿ ತಿಂದು, ಅಲ್ಲಿಯ ಪದ್ಧತಿಯಂತೆ ಮಣ್ಣಿನ ಬಟ್ಟಲನ್ನು ನೆಲಕ್ಕೆ ಎಸೆದು ಒಡೆದೆವು. ಮಕ್ಕಳಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕಿರಲಿಲ್ಲ.

ಬೀದಿಯ ಇಕ್ಕೆಲಗಳಲ್ಲೂ ಕುಂಡಗಳಲ್ಲಿ ಕೆಂಪೆಲೆಯ ಒಂದು ಗಿಡವಿತ್ತು. ಅಮೆರಿಕದ ಅಂಗಡಿಗಳಲ್ಲಿ ಇದು ಪಾಯಿನ್‌ಸೆಟಿಯ. ಇದು ಮೆಕ್ಸಿಕೋದ ನೆಲದ ಗಿಡ. ನಾವಾತ್ಲ್ ಭಾಷೆಯಲ್ಲಿ ಅದರ ಹೆಸರು ಕ್ವೆತ್ಲಶೋಚಿತ್ಲ್. 1825ರಲ್ಲಿ ಮೆಕ್ಸಿಕೋಗೆ ಅಮೆರಿಕದ ಮೊದಲ ರಾಯಭಾರಿಯಾಗಿ ಬಂದ ಜೋಯೆಲ್ ಪಾಯಿನ್‌ಸೆಟ್ ಅದನ್ನು ತನ್ನ ನಾಡಿಗೆ ಕಳುಹಿಸಿದ, ಗಿಡಕ್ಕೆ ಅವನ ಹೆಸರೇ ಅಂಟಿತು. ಮೂಲ ಬೆಳೆಗಾರರ ಹೆಸರು ಮರೆಯಾಗಿ ಸಾಗಿಸಿದವನ ಹೆಸರು ಉಳಿಯುವುದು ಚರಿತ್ರೆಯಲ್ಲಿ ಹೊಸದಲ್ಲ. ಆದರೆ ವಹಾಕದ ನಿಜವಾದ ಕೆಂಪು ಈ ಗಿಡದ್ದಲ್ಲ, ಮೂಲಂಗಿಯದೂ ಅಲ್ಲ. ಅದು ಒಂದು ಹುಳುವಿನದು.

ನೊಪಾಲಿನ ರಕ್ತ

ವಹಾಕದ ಸಾಂತೊ ದೊಮಿಂಗೊ ಚರ್ಚಿನ ಒಳಭಾಗ ಚಿನ್ನದ ಲೇಪದಿಂದ ಝಗಝಗಿಸುತ್ತದೆ. ಅದರ ಹಿಂಬದಿಯಲ್ಲಿ ಆ ರಾಜ್ಯದ ಸಸ್ಯಗಳನ್ನು ಒಂದೆಡೆ ಬೆಳೆಸಿರುವ ತೋಟವೊಂದಿದೆ. ಈ ಜಾಗ ಬಹುಕಾಲ ಸೈನ್ಯದ ವಶದಲ್ಲಿತ್ತು. ಸೈನ್ಯ ತೆರವಾದಾಗ ಅಲ್ಲಿ ಹೋಟೆಲು, ವಾಹನ ನಿಲುಗಡೆ ಕಟ್ಟುವ ಪ್ರಸ್ತಾವ ಬಂದಿತ್ತು. ಚಿತ್ರಕಲಾವಿದ ಫ್ರಾನ್ಸಿಸ್ಕೊ ತೊಲೆದೊ (1940–2019) ಮತ್ತು ಸಂಗಡಿಗರು ವಿರೋಧಿಸಿ ತೋಟವಾಗಿಸಿದರು. ಅಲ್ಲಿ ಸಾಲಾಗಿ ಬೆಳೆಸಿದ ಕಳ್ಳಿಯ ಮುಂದೆ ತಂದೆ ನಿಂತರು. “ಇದು ನಮ್ಮ ಪಾಪಾಸುಕಳ್ಳಿ ಅಲ್ಲೇನು?” ಎಂದರು. ಅವರ ಮಾತು ಬಹುಮಟ್ಟಿಗೆ ಸರಿ. ಅಲ್ಲಿಯ ನೊಪಾಲ್ ಮತ್ತು ನಮ್ಮ ಪಾಪಾಸುಕಳ್ಳಿ ಒಂದೇ ಕುಲದ ಬೇರೆ ಬೇರೆ ಪ್ರಭೇದಗಳು. ಪಾಪಾಸು ಎಂದರೆ ಪಾದರಕ್ಷೆ. ಕಳ್ಳಿಯ ಚಪ್ಪಟೆ ದಳದ ಆಕಾರದಿಂದ ಆ ಹೆಸರು.

ಆ ದಳಗಳ ಮೇಲೆ ಅಲ್ಲಲ್ಲಿ ಬೂದಿ ಉದುರಿದಂತೆ ಬಿಳಿಯ ಪುಡಿ. ಅದರಡಿ ಕಾಳಿನಷ್ಟೂ ದೊಡ್ಡದಲ್ಲದ, ಅಲುಗಾಡದ ಹುಳು. ಅದೇ ಕೊಚಿನೀಲ್. ಹೆಣ್ಣು ಹುಳುವನ್ನು ಒಣಗಿಸಿ ಅರೆದರೆ ಕಡುಗೆಂಪು ಬಣ್ಣ ದೊರೆಯುತ್ತದೆ. ನಾವಾತ್ಲ್ ಭಾಷೆಯಲ್ಲಿ ಇದನ್ನು ‘ನೊಚೆಸ್ತ್ಲಿ’, ಎಂದರೆ ಕಳ್ಳಿಹಣ್ಣಿನ ರಕ್ತ, ಎಂದರು. ಸ್ಪೇನಿನವರು ಬರುವ ಮೊದಲೇ ಸಪೊತೆಕ್ ಮತ್ತು ಮಿಶ್ತೆಕ್ ಜನ ಈ ಹುಳುವನ್ನು ಸಾಕುತ್ತಿದ್ದರು, ಅಸ್ತೆಕ್ ಅರಸರಿಗೆ ಅದನ್ನು ಚೀಲಗಟ್ಟಲೆ ಕಪ್ಪವಾಗಿ ಒಪ್ಪಿಸುತ್ತಿದ್ದರು.

‘ಸಾಕುತ್ತಿದ್ದರು’ ಎಂಬ ಮಾತು ಇಲ್ಲಿ ಮುಖ್ಯ. ನಮ್ಮ ರೇಷ್ಮೆಹುಳುವಿನಂತೆ ಬಣ್ಣದ ಈ ಹುಳುವೂ ಮನುಷ್ಯರ ಆರೈಕೆಯಲ್ಲಿ ತಲೆಮಾರುಗಳ ಆಯ್ಕೆಯಿಂದ ರೂಪುಗೊಂಡದ್ದು. ಕಾಡುಹುಳುವಿಗಿಂತ ಇದರಲ್ಲಿ ಬಣ್ಣ ಹೆಚ್ಚು, ಮೈಯನ್ನು ಕಾಯುವ ಬಿಳಿಯ ಮೇಣದ ಹೊದಿಕೆ ಕಡಿಮೆ. ಆದ್ದರಿಂದ ಮಳೆ, ಚಳಿಗಳನ್ನು ತಾಳಲಾರದು. ಬೆಳೆಗಾರರು ತಾಯಿಹುಳುಗಳನ್ನು ಪುಟ್ಟ ಗೂಡುಗಳಲ್ಲಿಟ್ಟು ಕಳ್ಳಿಯ ದಳಕ್ಕೆ ಸಿಕ್ಕಿಸುತ್ತಾರೆ. ಮರಿಗಳು ಹೊರಬಂದು ದಳಕ್ಕೆ ಅಂಟಿಕೊಂಡು, ಸುಮಾರು ಮೂರು ತಿಂಗಳಲ್ಲಿ ಕೊಯ್ಲಿಗೆ ಬರುತ್ತವೆ. ಹಕ್ಕಿ, ಹಲ್ಲಿ, ಬೇರೆ ಕೀಟಗಳಿಂದ ಕಾಯುವ ಕೆಲಸ ದಿನವೂ ಇರುತ್ತದೆ. ಮಳೆಯಿಂದ ಉಳಿಸಲು ರೈತರು ಹುಳುಗಳನ್ನು ಬುಟ್ಟಿಗಳಲ್ಲಿ ಹೊತ್ತು ಬಯಲಿನಿಂದ ಬೆಟ್ಟಕ್ಕೆ ಸಾಗಿಸಿ, ಮಳೆ ಕಳೆದ ಮೇಲೆ ಮರಳಿ ತರುತ್ತಿದ್ದರೆಂದು ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಹಂಬೋಲ್ಟ್ ದಾಖಲಿಸಿದ್ದಾನೆ.

ಒಂದು ಪೌಂಡ್ ಬಣ್ಣಕ್ಕೆ ಸುಮಾರು 70,000 ಒಣಹುಳುಗಳು ಬೇಕು. ವ್ಯಾಪಾರ ಶಿಖರದಲ್ಲಿದ್ದ 1774ರಲ್ಲಿ ವಹಾಕದಲ್ಲಿ ನೋಂದಣಿಯಾದ ಪ್ರಮಾಣ 15 ಲಕ್ಷ ಪೌಂಡಿಗೂ ಹೆಚ್ಚು. ನಮ್ಮ ಮಗಳು ಫೋನಿನಲ್ಲಿ ಗುಣಿಸಿ ಹತ್ತು ಸಾವಿರ ಕೋಟಿ ಹುಳು ಎಂದಾಗ ನಂಬಲಾಗದೆ ನಾನೊಮ್ಮೆ ಲೆಕ್ಕ ಹಾಕಿದೆ. ಉತ್ತರ ಅದೇ ಬಂತು. ಅಷ್ಟನ್ನೂ ಒಂದೊಂದಾಗಿ ದಳದಿಂದ ಕೆರೆದು ತೆಗೆದವರು ಚಿಕ್ಕ ಹಿತ್ತಿಲುಗಳ ರೈತ ಕುಟುಂಬಗಳು, ಅವರಲ್ಲೂ ಹೆಂಗಸರು, ಮಕ್ಕಳು.

ಸಾಲ, ಗುಟ್ಟು, ಕಳವು

ವಸಾಹತು ಕಾಲದಲ್ಲಿ ಮೆಕ್ಸಿಕೋದಿಂದ ಹೊರಹೋದ ಸರಕುಗಳಲ್ಲಿ ಬೆಳ್ಳಿಯ ನಂತರ ಅತಿ ಬೆಲೆಬಾಳುತ್ತಿದ್ದುದು ಈ ಬಣ್ಣ. ಯುರೋಪಿನ ಅರಸರ ನಿಲುವಂಗಿ, ಶ್ರೀಮಂತರ ರೇಷ್ಮೆ, ಚಿತ್ರಕಾರರ ಬಣ್ಣ, ಇಂಗ್ಲಿಷ್ ಸೇನಾಧಿಕಾರಿಗಳ ಕೆಂಪು ಕೋಟು ಎಲ್ಲಕ್ಕೂ ಇದು ಬೇಕಾಗಿತ್ತು. ಸಾಮಾನ್ಯ ಸಿಪಾಯಿಯ ಕೋಟಿಗೆ ಅಗ್ಗದ ಮಂಜಿಷ್ಠದ ಬೇರಿನ ಬಣ್ಣ; ಅಧಿಕಾರಿಯ ಕೋಟಿಗೆ ಕೊಚಿನೀಲ್. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯ ಮುಂದೆ ನಿಂತ ಸೇನೆಯೂ ಇದೇ ಪದ್ಧತಿಯ ಸೇನೆ.

ಈ ಸಂಪತ್ತಿನಲ್ಲಿ ಬೆಳೆದವರಿಗೆ ಬಂದುದೆಷ್ಟು? ಅಲ್ಲಿಯ ಜಿಲ್ಲೆಗಳನ್ನು ಆಳುತ್ತಿದ್ದ ಸ್ಪೇನಿನ ಅಧಿಕಾರಿಗಳು ಹಣ ಕೊಟ್ಟು ಹುದ್ದೆ ಪಡೆಯುತ್ತಿದ್ದರು, ಹಾಕಿದ ಬಂಡವಾಳವನ್ನು ಬಣ್ಣದಿಂದ ತೆಗೆಯುತ್ತಿದ್ದರು. ಹಳ್ಳಿಗರಿಗೆ ಮುಂಗಡವಾಗಿ ಹಣ, ಎತ್ತು, ಬಟ್ಟೆ ಕೊಟ್ಟು ಕೊಯ್ಲಿನಲ್ಲಿ ಬಣ್ಣವಾಗಿ ತೀರಿಸಿಕೊಳ್ಳುವ ಈ ಪದ್ಧತಿಗೆ ‘ರೆಪಾರ್ತಿಮಿಯೆಂತೊ’ ಎಂದು ಹೆಸರು. ಮುಂಗಡಕ್ಕೆ ಕಟ್ಟಿದ ದರ ಸಾಮಾನ್ಯವಾಗಿ ಪೌಂಡಿಗೆ 12 ರಿಯಾಲ್; ಮಾರುಕಟ್ಟೆಯ ದರ ಹಲವೊಮ್ಮೆ ಅದಕ್ಕಿಂತ ಬಹಳ ಮೇಲೆ. ಇದು ಅಪ್ಪಟ ಬಲಾತ್ಕಾರವೆಂದು ಕೆಲವು ಇತಿಹಾಸಕಾರರು ಹೇಳಿದರೆ, ಬೇರೆಲ್ಲೂ ಸಾಲ ಹುಟ್ಟದ ಕಾಲದಲ್ಲಿ ರೈತರೇ ಅರಿತು ಒಪ್ಪಿದ ವ್ಯವಹಾರವೂ ಇದರಲ್ಲಿತ್ತೆಂದು ಮತ್ತೆ ಕೆಲವರು ವಾದಿಸುತ್ತಾರೆ. 1786ರ ರಾಜಶಾಸನ ಈ ಪದ್ಧತಿಯನ್ನು ನಿಷೇಧಿಸಿತು. ಊರಿನಲ್ಲಿ ದಲ್ಲಾಳಿಯ ಮುಂಗಡ ಪಡೆದು ಬೆಳೆ ಕೊಟ್ಟು ತೀರಿಸಿದ ಮನೆತನಗಳಿಂದ ಬಂದ ನಮಗೆ ಈ ಎರಡೂ ವಾದಗಳ ಒಳಮರ್ಮ ಅರ್ಥವಾಗದಿರದು. ಮುಂಗಡ ಬೇಡವೆನ್ನಲು ಆಗದವನ ಒಪ್ಪಿಗೆಯನ್ನು ಪೂರ್ತಿ ಒಪ್ಪಿಗೆ ಎನ್ನುವುದು ಕಷ್ಟ.

ಸ್ಪೇನ್ ಈ ಬಣ್ಣದ ಮೂಲವನ್ನು ಗುಟ್ಟಾಗಿ ಕಾಪಾಡಿತು. ಒಣಗಿದ ಹುಳು ಕಾಳಿನಂತೆ ಕಾಣುವುದರಿಂದ ಅದು ಬೀಜವೋ, ಹಣ್ಣೋ, ಕೀಟವೋ ಎಂಬ ಚರ್ಚೆ ಯುರೋಪಿನಲ್ಲಿ ಬಹುಕಾಲ ನಡೆಯಿತು. ಡಚ್ ವಿಜ್ಞಾನಿ ಲೇವನ್‌ಹುಕ್ ಸೂಕ್ಷ್ಮದರ್ಶಕದಡಿ ಅದರ ಕಾಲು, ಮೊಟ್ಟೆಗಳನ್ನು ಕಂಡು ಕೀಟವೆಂದ. ಗುಟ್ಟು ತಿಳಿದ ಮೇಲೆ ಕಳವು. 1777ರಲ್ಲಿ ತಿಯೆರಿ ದ ಮೆನೊನ್ವಿಲ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ವಹಾಕಕ್ಕೆ ಬಂದು, ಔಷಧಕ್ಕೆಂದು ನೆಪ ಹೇಳಿ ಹುಳುಸಹಿತ ಕಳ್ಳಿಯ ದಳಗಳನ್ನು ಕೊಂಡು, ಈಗಿನ ಹೈಟಿಗೆ ಸಾಗಿಸಿದ. 1780ರಲ್ಲಿ ಆತ ತೀರಿಕೊಂಡ. ಅವನ ಉತ್ತಮ ತಳಿಯ ಹುಳುಗಳೂ ಬಹುಕಾಲ ಉಳಿಯಲಿಲ್ಲ.

ಮದ್ರಾಸಿಗೆ ಬಂದ ಕಳ್ಳಿ

ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೂ ಇದೇ ಆಸೆ ಹುಟ್ಟಿತು. ತನ್ನ ಕೋಟಿನ ಬಣ್ಣಕ್ಕೆ ಸ್ಪೇನಿನವರಿಗೆ ಹಣ ತೆರುವುದೇಕೆ? 1780ರ ದಶಕದಲ್ಲಿ ಮದ್ರಾಸಿನಲ್ಲಿದ್ದ ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್ ಅಲ್ಲಿ ನೊಪಾಲ್ ತೋಟವನ್ನೇ ಬೆಳೆಸಿದ. ಲಂಡನಿನಿಂದ ಜೋಸೆಫ್ ಬ್ಯಾಂಕ್ಸ್ ಕಳ್ಳಿಯ ಗಿಡಗಳನ್ನು ಕಳುಹಿಸಿದ. ಹುಳು ಮಾತ್ರ ಸಿಗಲಿಲ್ಲ. 1795ರಲ್ಲಿ ನೀಲ್ಸನ್ ಎಂಬ ಕಪ್ತಾನ ಬ್ರೆಜಿಲ್‌ನಿಂದ ಕಲ್ಕತ್ತಕ್ಕೆ ಹುಳುಗಳನ್ನು ತಂದಾಗ ದೊಡ್ಡ ನಿರೀಕ್ಷೆ ಮೂಡಿತು. ಆದರೆ ಅವು ವಹಾಕದ ಸಾಕುಹುಳುಗಳಾಗಿರಲಿಲ್ಲ. ಬಣ್ಣ ಕಡಿಮೆಯಿದ್ದ ಕಾಡುಹುಳುಗಳು. ಕಂಪನಿ ಬಯಸಿದ ಉದ್ಯಮ ಬೇರೂರಲಿಲ್ಲ. ಹುಳು ದಕ್ಷಿಣಕ್ಕೂ ಹರಡಿ ಒಂದು ಬಗೆಯ ಕಳ್ಳಿಯನ್ನು ತಿಂದು ತೀರಿಸಿತು. ಹಾಗೆ ಕಳೆಯನ್ನು ಕೀಟದಿಂದ ಹತೋಟಿಗೆ ತಂದ ಮೊದಮೊದಲ ನಿದರ್ಶನವೆಂದು ಕೃಷಿವಿಜ್ಞಾನದಲ್ಲಿ ಹೆಸರಾಯಿತು.

ಅಮೆರಿಕ ಮೂಲದ ಕಳ್ಳಿಗಳು ನಮ್ಮಲ್ಲಿ ಉಳಿದು, ಬೇಲಿಯಿಂದ ಹೊಲಕ್ಕೆ, ಹೊಲದಿಂದ ಗೋಮಾಳಕ್ಕೆ ಹಬ್ಬಿದವು. ಮುಳ್ಳಿನ ಪಾಪಾಸುಕಳ್ಳಿ ದಕ್ಷಿಣ ಭಾರತದಲ್ಲಿ ದೊಡ್ಡ ಪೀಡೆಯಾಗಿ, 1920ರ ದಶಕದಲ್ಲಿ ಶ್ರೀಲಂಕಾದಿಂದ ಇದೇ ಜಾತಿಯ ಇನ್ನೊಂದು ಹುಳುವನ್ನು ತರಿಸಿ ಬಿಟ್ಟ ಮೇಲೆಯೇ ಅದು ಇಳಿದದ್ದು. ಇದನ್ನು ಹೇಳಿದಾಗ ತಂದೆ, ತಮ್ಮ ಅಜ್ಜ ಹೇಳುತ್ತಿದ್ದ ಮಾತೊಂದನ್ನು ನೆನೆದರು: ಒಂದು ಕಾಲಕ್ಕೆ ಊರ ಸುತ್ತ ಆಳೆತ್ತರ ಕಳ್ಳಿಯಿತ್ತಂತೆ, ಬಿಳಿಯ ಹುಳು ಬಂದು ಎಲ್ಲ ಕೊಳೆತುಹೋಯಿತಂತೆ. ಮನೆಯಲ್ಲಿ ಕಥೆಯಾಗಿ ಉಳಿದದ್ದಕ್ಕೆ ಮೆಕ್ಸಿಕೋದ ತೋಟದಲ್ಲಿ ಹಿನ್ನೆಲೆ ದೊರೆಯಿತು.

ಅದೇ ಮೆಕ್ಸಿಕೋದ ನೆಲದ ಇನ್ನೊಂದು ಕೆಂಪನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮೆಣಸಿನಕಾಯಿಯೂ ಅಲ್ಲಿಯದೇ, 16ನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ಕರಾವಳಿಗೆ ಬಂತು. ವಹಾಕದ ಸಂತೆಯಲ್ಲಿ ಒಣಮೆಣಸಿನಕಾಯಿಯ ರಾಶಿಗಳ ನಡುವೆ ಸುಕ್ಕುಗಟ್ಟಿದ ಕಡುಗೆಂಪು ಕಾಯಿಗಳನ್ನು ಕಂಡು ನನ್ನ ತಾಯಿ ಬ್ಯಾಡಗಿಯೆಂದೇ ಕೈಗೆತ್ತಿಕೊಂಡರು. ಮೆಣಸಿನಕಾಯಿಗೆ ಯಾವ ಕಂಪನಿಯೂ ತೋಟ ಹಾಕಿಸಲಿಲ್ಲ, ಯಾವ ಕಪ್ತಾನನೂ ಹೆಸರು ಮಾಡಲಿಲ್ಲ. ನಮ್ಮ ರೈತರು ಅದನ್ನು ತಮ್ಮ ಅಡುಗೆಮನೆಗೆಂದು ಬಿತ್ತಿ, ಬೀಜ ಆರಿಸಿ, ತಮ್ಮ ಮಣ್ಣಿಗೆ ಒಗ್ಗಿಸಿದರು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದರಿಂದ ತೆಗೆದ ಕೆಂಪು ಸಾರ ಇಂದು ಆಹಾರಕ್ಕೂ ತುಟಿಬಣ್ಣಕ್ಕೂ ಬಳಕೆಯಾಗುತ್ತದೆ. ಕಂಪನಿ ಹಣ ಸುರಿದೂ ಪಡೆಯಲಾಗದ ಕೆಂಪನ್ನು ಹಾವೇರಿಯ ಒಕ್ಕಲಿಗರು ಬೇರೊಂದು ಗಿಡದಿಂದ ಪಡೆದರು. ಗಿಡವನ್ನೂ ಹುಳುವನ್ನೂ ಹಡಗಿನಲ್ಲಿ ಸಾಗಿಸಬಹುದು. ಅದನ್ನು ಸಾಕುವ ಕೈಯ ಅರಿವು ಹಡಗು ಹತ್ತುವುದಿಲ್ಲ. ಅದು ಹೊಸ ನೆಲದ ಜನ ತಮಗಾಗಿ ಮಾಡಿಕೊಂಡರೆ ಮಾತ್ರ ಅಲ್ಲಿ ಹುಟ್ಟುತ್ತದೆ.

ಇಂದು ಉಳಿದಿರುವುದು

1856ರಲ್ಲಿ ವಿಲಿಯಂ ಪರ್ಕಿನ್ ಕೃತಕ ಬಣ್ಣವನ್ನು ಕಂಡುಹಿಡಿದ ಮೇಲೆ, ಕೆಲವೇ ದಶಕಗಳಲ್ಲಿ ಹುಳುವಿನ ಬಣ್ಣದ ಬೇಡಿಕೆ ಕುಸಿಯಿತು. ಅಷ್ಟರಲ್ಲಿ ಗ್ವಾಟೆಮಾಲ, ಕೆನರಿ ದ್ವೀಪಗಳೂ ಪೈಪೋಟಿಗಿಳಿದಿದ್ದವು. ಇಂದು ಅತಿ ಹೆಚ್ಚು ಬೆಳೆಯುವ ದೇಶ ಪೆರು. ವಹಾಕದಲ್ಲಿ ಅದನ್ನು ಬಿಡದೆ ಉಳಿಸಿಕೊಂಡವರು ಕೆಲವೇ ಬೆಳೆಗಾರರು ಮತ್ತು ನೇಕಾರರು. ನಗರದಿಂದ ಒಂದು ತಾಸಿನೊಳಗೆ ಸಿಗುವ ತೆಯೊತಿತ್ಲಾನ್ ದೆಲ್ ವಾಯೆ ಎಂಬ ಸಪೊತೆಕ್ ನೇಕಾರರ ಊರಿಗೆ ಹೋದಾಗ, ಮನೆಯೊಡತಿ ಅಂಗೈಯಲ್ಲಿ ಹುಳುವನ್ನು ಅರೆದು ತೋರಿಸಿದರು. ಕಡುಗೆಂಪು. ನಿಂಬೆರಸ ಹಿಂಡಿದರು, ಕಿತ್ತಳೆಗೆ ತಿರುಗಿತು. ಚಿಟಿಕೆ ಅಡುಗೆಸೋಡ ಬೆರೆಸಿದರು; ನೇರಳೆಯಾಯಿತು. “ಅರಿಶಿಣಕ್ಕೆ ಸುಣ್ಣ ಹಾಕಿದ್ಹಂಗ” ಎಂದು ನನ್ನ ತಾಯಿ ತಮ್ಮಷ್ಟಕ್ಕೇ ಹೇಳಿಕೊಂಡರು. ಓಕುಳಿ, ಆರತಿ ನೀರು ಕಲಸಿದ ಕೈ ಅದು. ಇಬ್ಬರಿಗೂ ಪರಸ್ಪರ ಭಾಷೆ ತಿಳಿಯದಿದ್ದರೂ ಅರ್ಧ ತಾಸು ಬಣ್ಣದ ಮಾತೇ ನಡೆಯಿತು. ಆ ಮನೆಯ ಮಕ್ಕಳು ತಾಯಿಯೊಡನೆ ಸಪೊತೆಕ್, ನಮ್ಮೊಡನೆ ಸ್ಪ್ಯಾನಿಷ್ ಮಾತಾಡುತ್ತ ನೂಲಿನ ಉಂಡೆ ಸುತ್ತುತ್ತಿದ್ದುದನ್ನು ನಮ್ಮ ಮಕ್ಕಳು ಗಮನಿಸಿ ನೋಡಿದರು.

ಸಸ್ಯಾಹಾರಿ ಕುಟುಂಬಗಳಿಗೆ ಒಂದು ಉಪಯುಕ್ತ ಮಾತು. ಈ ಬಣ್ಣ ಇಂದಿಗೂ ಮೊಸರು, ಮಿಠಾಯಿ, ಪಾನೀಯ, ತುಟಿಬಣ್ಣಗಳಲ್ಲಿದೆ. ಅಮೆರಿಕದಲ್ಲಿ 2011ರಿಂದ ‘ಕಾರ್ಮೈನ್’ ಅಥವಾ ‘ಕೊಚಿನೀಲ್ ಎಕ್ಸ್‌ಟ್ರಾಕ್ಟ್’ ಎಂದು ಹೆಸರಿಸಿಯೇ ಮುದ್ರಿಸಬೇಕೆಂಬ ನಿಯಮವಿದೆ. ಯುರೋಪಿನಲ್ಲಿ ಅದರ ಸಂಖ್ಯೆ ಇ120. ತಿನ್ನುವುದು ಬಿಡುವುದು ಅವರವರ ಇಚ್ಛೆ, ತಿಳಿದಿರುವುದು ಒಳಿತು.

ವಹಾಕಕ್ಕೆ ಹೋಗಬಯಸುವವರು ಡಿಸೆಂಬರ್ 23ರಂದು ಅಲ್ಲಿರುವಂತೆ ನೋಡಿಕೊಳ್ಳಿ. ವಸತಿಯನ್ನು ತಿಂಗಳುಗಳ ಮೊದಲೇ ಕಾದಿರಿಸಿ. ಹಿರಿಯರನ್ನು ತಪ್ಪದೆ ಕರೆದೊಯ್ಯಿರಿ. ಮೂಲಂಗಿ, ಮೆಣಸಿನಕಾಯಿ, ಒಂಬತ್ತು ರಾತ್ರಿಗಳ ಹಬ್ಬ, ಎಲ್ಲವೂ ಒಂದೊಂದು ಕಾಲದಲ್ಲಿ ಹೊರಗಿನಿಂದ ಬಂದವೇ. ದಿನನಿತ್ಯ ಅವುಗಳಲ್ಲಿ ಕೈಯಾಡಿಸಿದವರ ನಾಡಿನಲ್ಲಿ ಅವು ಸ್ವಂತವಾದವು. ಪರನಾಡಿನಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಉಳಿದೀತೇ ಎಂದು ನಾವು ಪ್ರತಿ ಸಭೆಯಲ್ಲೂ ಕೇಳಿಕೊಳ್ಳುತ್ತೇವೆ. ಆ ಪ್ರಶ್ನೆಗೆ ವಹಾಕದ ಚರಿತ್ರೆ ಕೊಡುವ ಉತ್ತರ ಸರಳವಾಗಿದೆ, ಸುಲಭವಾಗಿಲ್ಲ: ತಂದದ್ದರಿಂದ ಏನೂ ಉಳಿಯುವುದಿಲ್ಲ, ಸಾಕಿದ್ದರಿಂದ ಉಳಿಯುತ್ತದೆ.